ಅಳಿಸುವ ಮುನ್ನ



ಮಕ್ಕಳ ಮೊಬೈಲಿಗೆ ಬಂದ ಹೀನ ಮಾತನ್ನೋ ತಿರುಚಿದ ಚಿತ್ರವನ್ನೋ ಕಂಡಾಗ ನಮ್ಮ ಮನೆಗಳಲ್ಲಿ ಮೊದಲು ಹೊರಡುವ ಉದ್ಗಾರ ‘ಅದನ್ನು ಅಳಿಸಿಬಿಡು’ ಎಂಬುದು. ಅದರ ಹಿಂದೆಯೇ ‘ಇನ್ನು ನಿನಗೆ ಮೊಬೈಲು ಬೇಡ’ ಎಂಬ ಅಪ್ಪಣೆ. ತಾಳ್ಯ ಹೋಬಳಿಯ ಹಳ್ಳಿಗಳಿಂದ ಮಠಕ್ಕೆ ಬರುವ ತಂದೆತಾಯಿಯರಿಂದ ಈ ಎರಡನ್ನೂ ಮತ್ತೆ ಮತ್ತೆ ಕೇಳಿದ್ದೇನೆ. ಮಮತೆಯಿಂದ ಆಡಿದ ಮಾತುಗಳೇ ಅವು. ಆದರೆ ಮೊದಲನೆಯದರಿಂದ ಸಾಕ್ಷ್ಯ ಹೋಗುತ್ತದೆ. ಎರಡನೆಯದರಿಂದ, ಮುಂದಿನ ಸಲ ಮಗು ನಮ್ಮಲ್ಲಿ ಹೇಳಿಕೊಳ್ಳುವುದೇ ನಿಲ್ಲುತ್ತದೆ.

‘ಸೈಬರ್ ಪೀಡನೆ’ ಎಂಬ ಹೆಸರಿನ ಪ್ರತ್ಯೇಕ ಅಪರಾಧ ನಮ್ಮ ಕಾನೂನಿನಲ್ಲಿಲ್ಲ. ನಿಂದನೆಯ ಸಂದೇಶಗಳಿಗೆ ಅನ್ವಯಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ರದ್ದುಪಡಿಸಿತು. ಆ ತೀರ್ಪು ಸರಿಯೆಂದೇ ನನ್ನ ಭಾವನೆ. ಉಳಿದಿರುವುದು ಬಿಡಿ ಕಲಮುಗಳು: ದೇಹದ ಖಾಸಗಿ ಚಿತ್ರ ಹರಡಿದರೆ 66ಇ, ಅಶ್ಲೀಲವಾದುದನ್ನು ಪ್ರಕಟಿಸಿದರೆ 67, ಹೆಣ್ಣುಮಗಳನ್ನು ಅಂತರ್ಜಾಲದಲ್ಲಿ ಬೆನ್ನಟ್ಟಿದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78. ಗುಂಪಿನಲ್ಲಿ ದಿನವೂ ‘ಕರಿಯ’, ‘ಡುಮ್ಮಿ’ ಎಂದು ಹಂಗಿಸುವುದಕ್ಕೆ ಇವುಗಳಲ್ಲಿ ಯಾವುದೂ ಒದಗದು. ಮನಸ್ಸು ಕುಗ್ಗುವುದಾದರೋ ಹೆಚ್ಚಾಗಿ ಅಲ್ಲಿಯೇ.

ಯಾವ ಕಲಮಿಗಾದರೂ ಪುರಾವೆ ಬೇಕು. ಸಂದೇಶ, ಕಳುಹಿಸಿದ ಖಾತೆಯ ಹೆಸರು, ದಿನಾಂಕ ಉಳಿದಿರಬೇಕು; ಅದು ಬಂದ ಮೊಬೈಲೂ ಇರಬೇಕು. ತೊಡಕು ಹುಟ್ಟುವುದು ಇಲ್ಲಿಯೇ. ಉಳಿಸಿಕೊಂಡ ಮಗು ನಡುರಾತ್ರಿಯಲ್ಲಿ ಅದನ್ನೇ ತೆರೆದು ತೆರೆದು ಓದುತ್ತದೆ. ನ್ಯಾಯಕ್ಕೆ ಬೇಕಾದುದೇ ಗಾಯವನ್ನು ಹಸಿಯಾಗಿಡುತ್ತದೆ. ಆದುದರಿಂದ ಆ ಪ್ರತಿಯನ್ನು ಹಿರಿಯರು ತಮ್ಮ ಮೊಬೈಲಿನಲ್ಲಿ ಇಟ್ಟುಕೊಂಡು, ‘ಇದು ಇನ್ನು ನನ್ನ ಹೊಣೆ, ನೀನು ನೋಡಬೇಕಿಲ್ಲ’ ಎಂದು ಹೇಳುವುದು ಲೇಸು. ಹದಿನೆಂಟು ತುಂಬದ ಮಗುವಿನ ನಗ್ನ ಚಿತ್ರವಾದರೆ ಮಾತ್ರ ಹಾಗೆ ಮಾಡಬಾರದು. ಅದನ್ನು ಇಟ್ಟುಕೊಳ್ಳುವುದೂ ಬಂಧುಗಳಿಗೆ ಕಳುಹಿಸುವುದೂ ಅಪರಾಧವಾಗಬಹುದು. ಕೊಂಡಿ, ಖಾತೆಯ ಹೆಸರು, ವೇಳೆಗಳನ್ನು ಕಾಗದದ ಮೇಲೆ ಬರೆದುಕೊಂಡು ಕೂಡಲೇ ಪೊಲೀಸರಿಗೆ ತಿಳಿಸಬೇಕು. ಇಂತಹ ಪ್ರಕರಣಗಳಿಗೆ ಚಿತ್ರದುರ್ಗದಲ್ಲಿ ಸೈಬರ್ ಅಪರಾಧಗಳ ಠಾಣೆ ಇದೆ.

ಪೀಡಿಸುವವರೂ ಯಾರದೋ ಮನೆಯ ಮಕ್ಕಳೇ, ಕೆಲವೊಮ್ಮೆ ನಮ್ಮದೇ ಮನೆಯವರು. ಮುಸ್ಲಿಂ ಮಹಿಳೆಯರ ಚಿತ್ರಗಳನ್ನು ‘ಹರಾಜಿಗಿಟ್ಟ’ ಬುಲ್ಲಿ ಬಾಯಿ ಆ್ಯಪ್ ಪ್ರಕರಣದಲ್ಲಿ, 2022ರ ಜನವರಿಯಲ್ಲಿ ಮುಂಬಯಿ ಪೊಲೀಸರು ಬೆಂಗಳೂರಿನಿಂದ ಕರೆದೊಯ್ದದ್ದು 21 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು. ಬಂಧಿತರಾದ ಇನ್ನೂ ಹಲವರು ಇಪ್ಪತ್ತರ ಆಸುಪಾಸಿನವರೇ. ಹದಿನೆಂಟು ತುಂಬುವ ಮುನ್ನ ತಪ್ಪಿದವರು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲುತ್ತಾರೆ, ಅಲ್ಲಿ ತಿದ್ದುವ ಮಾತಿಗೆ ಮೊದಲ ಸ್ಥಾನ. ತುಂಬಿದ ಮರುದಿನವೇ ಅದೇ ಕೃತ್ಯಕ್ಕೆ ವಯಸ್ಕರ ನ್ಯಾಯಾಲಯ. ಪಿಯುಸಿ ಮುಗಿಸುವ ಹುಡುಗರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಮಗು ಉಣ್ಣದೆ, ನಿದ್ರಿಸದೆ, ಶಾಲೆಗೆ ಹೋಗಲೊಲ್ಲದೆ ಇದ್ದರೆ ದೂರಿನ ತೀರ್ಮಾನವಾಗುವವರೆಗೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098. ಕರೆ ಮಾಡುವಾಗ ಮಗುವನ್ನು ಬಳಿಯಲ್ಲಿ ಕೂರಿಸಿಕೊಳ್ಳಿ, ಮೊಬೈಲನ್ನು ಅದರ ಕೈಗೇ ಕೊಡಿ.