ಯೂಟ್ಯೂಬಿನಲ್ಲಿದೆ ಎಂದರೆ ಉಳಿದಿದೆ ಎಂದಲ್ಲ

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದಲ್ಲಿ ಯಮುನಕ್ಕ ಹುತ್ತದೊಳಗೆ ಕೈಯಿಡುವ ದೃಶ್ಯವೊಂದಿದೆ. ಬಸುರಾದ ವಿಧವೆ, ಊರಿನ ಬಾಯಿಗೆ ಬೀಳುವ ಮೊದಲೇ ಹಾವಿನ ಬಾಯಿಗೆ ಸಿಕ್ಕಿ ಸಾಯಲು ಹೊರಟವಳು. ಈ ಸಿನಿಮಾವನ್ನು ನಾನು ಮೊದಲು ನೋಡಿದ್ದು ವಿಸಿಡಿಯಲ್ಲಿ. ಆ ದೃಶ್ಯ ಬಂದಾಗ ಹುತ್ತ ಎಲ್ಲಿ ಮುಗಿಯಿತು, ಕೈ ಎಲ್ಲಿ ಶುರುವಾಯಿತು ಎಂಬುದೇ ತಿಳಿಯಲಿಲ್ಲ. ಪರದೆಯ ಮುಕ್ಕಾಲು ಪಾಲು ಮಸಿ. ಉಳಿದ ಕಾಲು ಪಾಲಿನಲ್ಲಿ ಬೂದು ಬಣ್ಣದ ಚೌಕಗಳು ಮಿಸುಕಾಡುತ್ತಿದ್ದವು. ಯು.ಆರ್. ಅನಂತಮೂರ್ತಿಯವರ ಕತೆ ಓದಿದ್ದರಿಂದ ಏನು ನಡೆಯುತ್ತಿದೆ ಎಂದು ಊಹಿಸಿಕೊಂಡೆ. ಕತೆ ಓದಿದವನಿಗೆ ಸಿನಿಮಾ ಹೊಸದಾಗಿ ಕೊಡಬೇಕಾದದ್ದು ಕಣ್ಣಿಗೆ ಕಾಣುವ ಸಂಗತಿಗಳನ್ನು. ಅವೇ ಅಲ್ಲಿರಲಿಲ್ಲ. ಛಾಯಾಗ್ರಾಹಕ ಎಸ್. ರಾಮಚಂದ್ರ ಕಪ್ಪು–ಬಿಳುಪಿನ ನಡುವೆ ಹಿಡಿದ ಅಷ್ಟೂ ಛಾಯೆಗಳು ಒಂದೇ ಮಸಿಯಲ್ಲಿ ಕರಗಿದ್ದವು.

1977ರ ಆ ಸಿನಿಮಾ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ 4ಕೆ ಸ್ಪಷ್ಟತೆಯಲ್ಲಿ ಮತ್ತೆ ತೆರೆಕಂಡಿತು. ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಹುಟ್ಟುಹಾಕಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಜೊತೆಯಾಗಿ ಅದನ್ನು ಪುನರುಜ್ಜೀವಗೊಳಿಸಿದ್ದವು. ಇದು ಸಾಧ್ಯವಾಗಿದ್ದು ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರದಲ್ಲಿ ಉಳಿದಿದ್ದರಿಂದ. ಅದಿಲ್ಲದಿದ್ದರೆ ಯಾವ ಪ್ರಯೋಗಾಲಯಕ್ಕೂ ಏನನ್ನೂ ಮಾಡಲಾಗುತ್ತಿರಲಿಲ್ಲ.

ಹಳೆಯ ಕನ್ನಡ ಸಿನಿಮಾಗಳು ಬ್ಲೂ–ರೇಯಂಥ ಉನ್ನತ ಸ್ಪಷ್ಟತೆಯ ರೂಪದಲ್ಲಿ ಮನೆಗೆ ಏಕೆ ಸಿಗುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಮಾರುಕಟ್ಟೆಯತ್ತ ಬೆರಳು ತೋರುತ್ತಾರೆ. ಕೊಳ್ಳುವವರಿಲ್ಲ, ಡಿಸ್ಕಿನ ಕಾಲ ಮುಗಿಯಿತು, ಎಲ್ಲ ಯೂಟ್ಯೂಬಿನಲ್ಲಿದೆಯಲ್ಲ ಎನ್ನುತ್ತಾರೆ. ನನಗೆ ತೋರುವಂತೆ ತೊಂದರೆ ಅಂಗಡಿಯಲ್ಲಿ ಶುರುವಾದದ್ದಲ್ಲ, ಗೋದಾಮಿನಲ್ಲಿ ಶುರುವಾದದ್ದು. ಬ್ಲೂ–ರೇಗೆ ಹಾಕಲು ಯೋಗ್ಯವಾದ ಪ್ರತಿಯೇ ನಮ್ಮ ಬಹುಪಾಲು ಚಿತ್ರಗಳಿಗೆ ಸಿದ್ಧವಿಲ್ಲ. ಡಿಸ್ಕ್ ಇಲ್ಲದಿರುವುದು ಆ ಕಾಯಿಲೆಯ ಹೊರಗೆ ಕಾಣುವ ಲಕ್ಷಣ ಮಾತ್ರ.

ಸ್ವಲ್ಪ ಲೆಕ್ಕ ನೋಡೋಣ. ವಿಸಿಡಿಯ ಒಂದು ಚೌಕಟ್ಟು 352 x 288 ಚುಕ್ಕಿಗಳದ್ದು, ಅಂದರೆ ಸುಮಾರು 1 ಲಕ್ಷ. ಡಿವಿಡಿಯಲ್ಲಿ ಅದು 4 ಲಕ್ಷದ ಆಸುಪಾಸು. 2006ರಲ್ಲಿ ಬಂದ ಬ್ಲೂ–ರೇಯಲ್ಲಿ 20 ಲಕ್ಷ ದಾಟುತ್ತದೆ. ಚೆನ್ನಾಗಿ ಚಿತ್ರೀಕರಿಸಿದ 35 ಎಂಎಂ ನೆಗೆಟಿವ್‌ನಲ್ಲಿ ಅದಕ್ಕೂ ಹೆಚ್ಚಿನ ವಿವರ ಅಡಗಿರುತ್ತದೆ. ಹಾಗಾಗಿ 1960ರ ಸಿನಿಮಾ ಹುಟ್ಟಿನಿಂದಲೇ ಮಸುಕು ಎಂಬುದು ತಪ್ಪು ತಿಳಿವಳಿಕೆ. ಅದು ಹುಟ್ಟಿದ್ದು ನಿಚ್ಚಳವಾಗಿಯೇ. ಮಸುಕಾದದ್ದು ನಾವು ಪ್ರತಿಯಿಂದ ಪ್ರತಿ, ಅದರಿಂದ ಮತ್ತೊಂದು ಪ್ರತಿ ಎಂದು ತೆಗೆಯುತ್ತಾ ಹೋದಾಗ.

ಮಸುಕಾಗುವುದು ಚಿತ್ರ ಮಾತ್ರವಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ. ನಮ್ಮ ದೇಶದ ಹಳೆಯ ಟಿ.ವಿ. ವ್ಯವಸ್ಥೆ ಸೆಕೆಂಡಿಗೆ 25ರದ್ದು. ಟಿ.ವಿ.ಗಾಗಿ ಟೇಪಿಗೆ ಇಳಿಸುವಾಗ ರೀಲನ್ನು ತುಸು ಜೋರಾಗಿ ಓಡಿಸಿಬಿಡುವುದು ಸುಲಭದ ದಾರಿಯಾಗಿತ್ತು. ಎರಡೂವರೆ ಗಂಟೆಯ ಸಿನಿಮಾ ಆಗ 144 ನಿಮಿಷಕ್ಕೆ ಮುಗಿಯುತ್ತದೆ. ಧ್ವನಿಯನ್ನು ಸರಿಪಡಿಸದೆ ಬಿಟ್ಟರೆ ಶ್ರುತಿ ಮೇಲೇರುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ಕಂಠದ ಸೊಗಸೆಲ್ಲ ಇರುವುದು ಕೆಳಸ್ಥಾಯಿಯ ಆ ತುಂಬುತನದಲ್ಲಿ. ಅಂಥ ದನಿ ತೆಳುವಾಗಿ, ಅವಸರದಲ್ಲಿ ಹಾಡಿದಂತೆ ಕೇಳಿದರೆ ಅದು ನಮ್ಮ ಹಿರಿಯರು ಟಾಕೀಸಿನಲ್ಲಿ ಕೇಳಿದ ಹಾಡಲ್ಲ.

ಇಂಥ ಟೇಪುಗಳೇ ವಿಸಿಡಿಯಾದವು. ಯೂಟ್ಯೂಬಿಗೆ ಏರಿದ ಹಳೆಯ ಚಿತ್ರಗಳಲ್ಲಿ ಬಹಳಷ್ಟು ಇಂಥ ಮೂಲದವೇ. ಈಗ ಅವುಗಳ ಮೇಲೆ ಎಚ್‌ಡಿ ಎಂಬ ಚೀಟಿ ಬೇರೆ ಅಂಟಿರುತ್ತದೆ. ಕಡಿಮೆ ಚುಕ್ಕಿಗಳ ಚಿತ್ರವನ್ನು ಹಿಗ್ಗಿಸಿದರೆ ಚುಕ್ಕಿಗಳ ಎಣಿಕೆ ಹೆಚ್ಚುತ್ತದೆ, ವಿವರ ಹೆಚ್ಚುವುದಿಲ್ಲ. ಮೂಲೆಯಲ್ಲಿ ವಾಹಿನಿಯ ಲಾಂಛನ, ಅಗಲ ಪರದೆಗೆ ಹೊಂದಿಸಲು ತಲೆ ಕತ್ತರಿಸಿದ ಚೌಕಟ್ಟು, ಎಲ್ಲೋ ಮಾಯವಾದ ಒಂದು ಹಾಡು. ಇದನ್ನೇ ನೋಡುತ್ತಾ ಬೆಳೆದ ತರುಣರು ಕಪ್ಪು–ಬಿಳುಪು ಚಿತ್ರವೆಂದರೆ ಹೀಗೇ ಎಂದುಕೊಂಡಿದ್ದಾರೆ. ಸಿನಿಮಾ ಓದುವ ವಿದ್ಯಾರ್ಥಿಗಳೂ ಹಾಗೆಂದುಕೊಳ್ಳುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಶೃಂಗೇರಿ ಬಳಿಯ ವೈಕುಂಠಪುರದ ಅಗ್ರಹಾರದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಟಾಮ್ ಕೋವನ್ ಹಿಡಿದ ‘ಸಂಸ್ಕಾರ’ ಚಿತ್ರದ ಬಿಸಿಲು ಹೇಗಿತ್ತು ಎಂದು ಅವರಿಗೆ ಯಾವುದನ್ನು ತೋರಿಸಿ ಹೇಳುವುದು?

ನೆಗೆಟಿವ್‌ಗಳು ಎಲ್ಲಿ ಹೋದವು ಎಂಬುದಕ್ಕೆ ಕನ್ನಡ ಚಿತ್ರರಂಗದ ಇತಿಹಾಸದಲ್ಲೇ ಉತ್ತರವಿದೆ. ದಶಕಗಳ ಕಾಲ ನಮ್ಮ ಚಿತ್ರಗಳು ತಯಾರಾದದ್ದು ಮದರಾಸಿನ ಸ್ಟುಡಿಯೊಗಳಲ್ಲಿ, ಸಂಸ್ಕರಣೆಯಾದದ್ದು ಅಲ್ಲಿನ ಲ್ಯಾಬುಗಳಲ್ಲಿ. ಚಿತ್ರ ಬಿಡುಗಡೆಯಾದ ಮೇಲೆ ನಿರ್ಮಾಪಕ ಊರಿಗೆ ಮರಳಿದ. ನೆಗೆಟಿವ್ ಡಬ್ಬಿಗಳು ಲ್ಯಾಬಿನಲ್ಲೇ ಉಳಿದವು. ಬಾಡಿಗೆ ಕಟ್ಟುವವರಿಲ್ಲದೆ, ನಿರ್ಮಾಪಕ ತೀರಿಕೊಂಡ ಮೇಲೆ ಕೇಳುವವರಿಲ್ಲದೆ ಬಿದ್ದವು. ಡಿಜಿಟಲ್ ಬಂದು ಲ್ಯಾಬುಗಳೇ ಮುಚ್ಚಿದಾಗ ಡಬ್ಬಿಗಳಿಗೆ ಜಾಗವೇ ಇಲ್ಲವಾಯಿತು. ಕಪ್ಪು–ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿರುವುದರಿಂದ ಅದನ್ನು ಕರಗಿಸಿ ಮಾರುವ ವ್ಯಾಪಾರವೂ ದೇಶದಲ್ಲಿ ನಡೆದಿದೆ. ಉಳಿದದ್ದನ್ನು ಸೆಕೆ ತಿನ್ನುತ್ತದೆ. ಅಸಿಟೇಟ್ ಫಿಲ್ಮ್ ಕೊಳೆಯತೊಡಗಿದರೆ ಡಬ್ಬಿ ತೆರೆದೊಡನೆ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಸುರುಳಿ ಕುಗ್ಗಿ ಹಪ್ಪಳದಂತೆ ಸುಕ್ಕುಗಟ್ಟಿರುತ್ತದೆ. 1934ರ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಉಳಿದಿಲ್ಲ.

ಕನ್ನಡ ಚಿತ್ರೋದ್ಯಮದ ನೆಲೆಯಾದ ಗಾಂಧಿನಗರದಲ್ಲಿ ‘ನೆಗೆಟಿವ್ ರೈಟ್ಸ್’ ಎಂಬ ಮಾತು ಇಂದಿಗೂ ಚಲಾವಣೆಯಲ್ಲಿದೆ. ಕೈಯಿಂದ ಕೈಗೆ ಮಾರಾಟವಾದ ಈ ಹಕ್ಕಿನ ಪತ್ರ ಒಬ್ಬರಲ್ಲಿದ್ದರೆ ನೆಗೆಟಿವ್ ಇನ್ನೆಲ್ಲೋ ಇರುತ್ತದೆ, ಅಥವಾ ಎಲ್ಲೂ ಇರುವುದಿಲ್ಲ. ಕಾನೂನು ಈ ಗಂಟನ್ನು ಅರ್ಧ ಬಿಡಿಸಿದೆ. ಸಿನಿಮಾದ ಕೃತಿಸ್ವಾಮ್ಯ ನಮ್ಮಲ್ಲಿ ಬಿಡುಗಡೆಯ ವರ್ಷ ಕಳೆದ ಮೇಲೆ 60 ವರ್ಷ. 1964ರವರೆಗೆ ತೆರೆಕಂಡ ಚಿತ್ರಗಳ ಅವಧಿ ಆಗಲೇ ಮುಗಿದಿದೆ. ‘ಬೇಡರ ಕಣ್ಣಪ್ಪ’, ‘ಸ್ಕೂಲ್ ಮಾಸ್ಟರ್’, ‘ರಣಧೀರ ಕಂಠೀರವ’, ‘ಕಿತ್ತೂರು ಚೆನ್ನಮ್ಮ’, ‘ನಾಂದಿ’ ಎಲ್ಲವೂ ಈ ಸಾಲಿಗೆ ಸೇರುತ್ತವೆ. ಆದರೆ ಕಾಯ್ದೆ ಬಿಟ್ಟುಕೊಟ್ಟದ್ದು ಹಕ್ಕನ್ನು. ಫಿಲ್ಮನ್ನು ತಂದುಕೊಡುವ ಶಕ್ತಿ ಅದಕ್ಕಿಲ್ಲ. ‘ಬೇಡರ ಕಣ್ಣಪ್ಪ’ ತೆರೆಕಂಡ 1954ರಲ್ಲೇ ಸಂಸತ್ತು ಪ್ರಕಟವಾಗುವ ಪ್ರತಿ ಪುಸ್ತಕವನ್ನೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದು ಕಾಯ್ದೆ ಮಾಡಿತು. ನೆಗೆಟಿವನ್ನು ಹೀಗೆ ಒಪ್ಪಿಸಬೇಕೆಂಬ ಕಟ್ಟುಪಾಡು ಸಿನಿಮಾಕ್ಕೆ ಬರಲಿಲ್ಲ.

ಹಳೆಯ ಚಿತ್ರಗಳ ಮೇಲೆ ನಮ್ಮವರು ಹಣ ಹಾಕಿಯೇ ಇಲ್ಲ ಎನ್ನಲಾಗದು. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ಚಿತ್ರಮಂದಿರಕ್ಕೆ ಬಂದವು. ‘ನಾಗರಹಾವು’ 2018ರಲ್ಲಿ ಹೊಸ ಧ್ವನಿಯೊಂದಿಗೆ ಬಂತು. ರಾಜ್‌ಕುಮಾರ್, ವಿಷ್ಣುವರ್ಧನ್ ಅವರನ್ನು ಮೊಮ್ಮಕ್ಕಳಿಗೆ ದೊಡ್ಡ ಪರದೆಯಲ್ಲಿ ತೋರಿಸುವ ಅವಕಾಶ ಹಿರಿಯರಿಗೆ ಸಿಕ್ಕಿತು. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಬಣ್ಣ ಬಳಿಯುವ ಮೊದಲು ಕಪ್ಪು–ಬಿಳುಪಿನ ಪ್ರತಿಯನ್ನು ಶುದ್ಧಗೊಳಿಸಿ ಹಾಗೆಯೇ ಜನರ ಕೈಗಿಡಬೇಕಿತ್ತು. ‘ಕಸ್ತೂರಿ ನಿವಾಸ’ದ ಪಾರಿವಾಳವನ್ನು ಮೊದಲು ತೆಗೆದಂತೆ ನೋಡುವ ಆಸೆ ಅತಿಯಾಸೆಯೇನಲ್ಲ.

ಹೊರಗಿನ ನೆರವಿಗೆ ಕಾದು ಕೂರುವುದೂ ದಾರಿಯಲ್ಲ. ನೃತ್ಯಪಟು ಉದಯಶಂಕರ್ ಅವರ ಹಿಂದಿ ಚಿತ್ರ ‘ಕಲ್ಪನಾ’ (1948) 2012ರಲ್ಲಿ ಸ್ಕಾರ್ಸೆಸಿಯವರ ಸಂಸ್ಥೆಯ ಕೈಯಲ್ಲಿ ಪುನರುಜ್ಜೀವ ಪಡೆಯಿತು. ಅಮೆರಿಕದ ಕ್ರೈಟೀರಿಯನ್ ಸಂಸ್ಥೆಯಿಂದ ಅದು ಬ್ಲೂ–ರೇಯಾಗಿ ಬಂದಿದ್ದು 2022ರಲ್ಲಿ, ಹತ್ತು ವರ್ಷಗಳ ನಂತರ. ಆ ಡಿಸ್ಕ್ ಉತ್ತರ ಅಮೆರಿಕದ ವಲಯಕ್ಕೆ ಬೀಗ ಹಾಕಿದ್ದು. ನ್ಯೂಜೆರ್ಸಿಯ ಕನ್ನಡಿಗ ನೋಡಬಹುದು. ಬೆಂಗಳೂರಿನಲ್ಲಿ ಕೊಂಡ ಸಾಮಾನ್ಯ ಪ್ಲೇಯರಿನಲ್ಲಿ ಅದು ಓಡದು.

ಕೇಂದ್ರ ಸರ್ಕಾರ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಪರಂಪರೆ ಯೋಜನೆಯಡಿ ಸುಮಾರು 2,200 ಚಿತ್ರಗಳ ಪುನರುಜ್ಜೀವಕ್ಕೆ ₹363 ಕೋಟಿ ಪ್ರಕಟಿಸಿತು. ಅದರಲ್ಲಿ ಕನ್ನಡದ ಪಾಲನ್ನು ರಾಜ್ಯ ಸರ್ಕಾರವೇ ಬೆನ್ನುಹತ್ತಿ ಕೇಳಬೇಕು. ಉತ್ಸವದಲ್ಲಿ ಒಂದು ಪ್ರದರ್ಶನವಾದರೆ ಮುಗಿಯಿತು ಎನ್ನದೆ, ಸಿದ್ಧವಾದ ಪ್ರತಿ ಜಿಲ್ಲಾ ಗ್ರಂಥಾಲಯಕ್ಕೂ ಕಾಲೇಜಿಗೂ ಮನೆಗೂ ತಲುಪುವಂತೆ ಷರತ್ತು ಹಾಕಿಸಬೇಕು. ಡಿಸ್ಕೇ ಆಗಬೇಕೆಂಬ ಹಟ ನನಗಿಲ್ಲ. ಆದರೆ ಅಂತರ್ಜಾಲದ ವೇದಿಕೆಯಲ್ಲಿರುವ ಸಿನಿಮಾ ಒಪ್ಪಂದ ಮುಗಿದ ದಿನ ಕಾಣೆಯಾಗುತ್ತದೆ. ಕಪಾಟಿನಲ್ಲಿರುವ ಡಿಸ್ಕನ್ನು ಯಾರೂ ಬಂದು ಹಿಂದಕ್ಕೆ ಪಡೆಯಲಾರರು.

ಎಲ್ಲಕ್ಕಿಂತ ಮೊದಲು ಬೇಕಾದದ್ದು ದೊಡ್ಡ ಖರ್ಚಿನದ್ದಲ್ಲ. ಕರ್ನಾಟಕ ಚಲನಚಿತ್ರ ಅಕಾಡೆಮಿ ಒಂದು ಪಟ್ಟಿ ಮಾಡಲಿ: ಚಿತ್ರದ ಹೆಸರು, ವರ್ಷ, ಹಕ್ಕು ಯಾರದು, ನೆಗೆಟಿವ್ ಎಲ್ಲಿದೆ, ಡಬ್ಬಿ ತೆರೆದಾಗ ಹೇಗಿತ್ತು. ಕೃತಿಸ್ವಾಮ್ಯ ಮುಗಿದ ಚಿತ್ರಗಳಿಂದ ಶುರುವಾಗಲಿ, ಅಲ್ಲಿ ನಿರ್ಮಾಪಕರ ಅನುಮತಿಗೆ ಕಾಯಬೇಕಿಲ್ಲ. ನನ್ನನ್ನು ಕೇಳಿದರೆ ಮೊದಲ ಸಾಲಿನಲ್ಲಿ ‘ಬೇಡರ ಕಣ್ಣಪ್ಪ’, 1954 ಎಂದು ಬರೆಯುತ್ತೇನೆ. ‘ನೆಗೆಟಿವ್ ಎಲ್ಲಿದೆ’ ಎಂಬ ಕಾಲಮ್ಮನ್ನು ತುಂಬಲು ಒಬ್ಬರು ಪುಣೆಗೆ, ಇನ್ನೊಬ್ಬರು ಚೆನ್ನೈಗೆ ಈ ಮಳೆಗಾಲದೊಳಗೇ ಹೊರಡಬೇಕು.