ಹದಿನೇಳಕ್ಕೆ ಏನು ಬಂತು?

ಪರೀಕ್ಷೆ ಮುಗಿಸಿ ಗೇಟಿನಿಂದ ಹೊರಬರುವ ಮಕ್ಕಳನ್ನು ನಾವು ಹಿರಿಯರು ಕೇಳುವುದು ‘ಹೇಗಿತ್ತು?’ ಎಂದು. ಮಕ್ಕಳು ಒಬ್ಬರನ್ನೊಬ್ಬರು ಕೇಳುವುದೇ ಬೇರೆ: ‘ಹದಿನೇಳಕ್ಕೆ ಏನು ಬಂತು?’ ನಮ್ಮ ಪ್ರಶ್ನೆಗೆ ‘ಪರವಾಗಿಲ್ಲ’ ಎಂಬ ಒಂದೇ ಉತ್ತರ. ಅವರ ಪ್ರಶ್ನೆಗೆ ಎ, ಬಿ, ಸಿ, ಡಿ ಎಂದು ನಾಲ್ಕು. ಜಗಳ ಹುಟ್ಟುವುದೇ ಅಲ್ಲಿ.

ನನ್ನ ಮೊಮ್ಮಗಳು ಸಿಇಟಿ ಬರೆದದ್ದು 2024ರಲ್ಲಿ. ಏಪ್ರಿಲ್ 18ರಂದು ಬೆಳಿಗ್ಗೆ ಜೀವಶಾಸ್ತ್ರ, ಮಧ್ಯಾಹ್ನ ಗಣಿತ. ಮರುದಿನ ಭೌತಶಾಸ್ತ್ರ, ರಸಾಯನಶಾಸ್ತ್ರ. ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಲೆಕ್ಕ ಹಾಕಿ ಮಕ್ಕಳೇ, ಒಂದೊಂದು ಪ್ರಶ್ನೆಗೆ ಸರಿಯಾಗಿ 80 ಸೆಕೆಂಡ್. ನಾನು ಬಿ.ಕಾಂ. ಓದುವಾಗ ಒಂದು ಬ್ಯಾಲೆನ್ಸ್ ಶೀಟಿಗೆ ಮುಕ್ಕಾಲು ಗಂಟೆ ಕೂರುತ್ತಿದ್ದೆ.

ಅವಳನ್ನು ಕರೆತರಲು ಹೋಗಿದ್ದೆ. ಕಾಲೇಜಿನ ಎದುರು ಹೊಂಗೆಮರದ ನೆರಳಿನಲ್ಲಿ ನೀರಿನ ಬಾಟಲಿ, ಕೊಡೆ ಹಿಡಿದ ಅಪ್ಪ-ಅಮ್ಮಂದಿರು. ನಾಲ್ಕು ಗಂಟೆ ಹೊತ್ತಿಗೆ ಮಕ್ಕಳು ಹೊರಬಂದರು. ಒಂದು ಕೈಯಲ್ಲಿ ಪ್ರಶ್ನೆಪತ್ರಿಕೆ, ಇನ್ನೊಂದರಲ್ಲಿ ಓಎಂಆರ್ ಹಾಳೆಯ ಪ್ರತಿ. ಅಜ್ಜ-ಅಜ್ಜಿಯರಿಗಾಗಿ ಹೇಳುತ್ತೇನೆ: ಈಗ ಉತ್ತರ ಬರೆಯುವುದಿಲ್ಲ, ಪೆನ್ನಿನಲ್ಲಿ ಗುಂಡಗಿನ ಗೂಡು ತುಂಬುತ್ತಾರೆ. ಮೇಲಿನ ಹಾಳೆ ಮೇಲ್ವಿಚಾರಕರಿಗೆ. ಕೆಳಗಿನದರಲ್ಲಿ ಅದರ ನಕಲು ಮೂಡಿರುತ್ತದೆ, ಅದು ಮಕ್ಕಳಿಗೆ. ಯಾವುದಕ್ಕೆ ಏನು ಗುರುತು ಮಾಡಿದೆ ಎಂಬುದನ್ನು ಮರೆಯುವ ಭಾಗ್ಯವೂ ಇಲ್ಲ.

‘ಹದಿನೇಳಕ್ಕೆ ನನಗೆ ಬಿ.’

‘ಇಲ್ಲ ಕಣೋ, ಡಿ!’

ಧ್ವನಿ ಏರಿತು. ಕೊನೆಗೆ ಒಬ್ಬ ಹುಡುಗಿ ‘ಮೊದಲು ವರ್ಷನ್ ಕೋಡ್ ನೋಡ್ಕೊಳ್ರೋ’ ಎಂದಳು. ನೋಡಿದರೆ ಎರಡೂ ಬೇರೆ! ಪಕ್ಕದವನನ್ನು ನೋಡಿ ಬರೆಯಬಾರದೆಂದು ಪ್ರಶ್ನೆಗಳ ಕ್ರಮ ಬದಲಿಸಿ ಹಲವು ಬಗೆಯ ಪತ್ರಿಕೆ ಅಚ್ಚು ಹಾಕಿರುತ್ತಾರೆ. ಒಬ್ಬನ ಹದಿನೇಳು ಇನ್ನೊಬ್ಬನಿಗೆ ನಲವತ್ತೆರಡು. ಇಬ್ಬರೂ ಬೇರೆಬೇರೆ ಲೆಕ್ಕಕ್ಕೆ ಜಗಳವಾಡುತ್ತಿದ್ದರು.

ಆಮೇಲೆ ಒಂದೇ ಲೆಕ್ಕವನ್ನು ಹುಡುಕಿಕೊಂಡು ಐದು ಮಂದಿ ಕೂತರು. ನಾಲ್ವರದು ಒಂದೇ ಉತ್ತರ, ಒಬ್ಬ ಹುಡುಗನದು ಬೇರೆ. ‘ನಾಲ್ಕು ಜನಕ್ಕೆ ಬಂದಿದೆ ಅಂದ್ಮೇಲೆ ಅದೇ ಸರಿ’ ಎಂದು ತೀರ್ಪಾಯಿತು. ಲೋಕಸಭೆ ಚುನಾವಣೆ ಹತ್ತಿರವಿದ್ದ ಕಾಲ. ಗಣಿತಕ್ಕೂ ಓಟು ಬಂತೇ ಅಂದುಕೊಂಡೆ. ಆ ಹುಡುಗನ ಮುಖ ಬಾಡಿಹೋಯಿತು.

ನಾನು ಬ್ಯಾಂಕಿಗೆ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಸಂಜೆ ಡೇ ಬುಕ್ಕಿನ ಮೊತ್ತಕ್ಕೂ ವೋಚರುಗಳ ಮೊತ್ತಕ್ಕೂ ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುವಂತಿಲ್ಲ. ಮೂವರಿಗೆ ಒಂದು ಮೊತ್ತ, ಒಬ್ಬನಿಗೆ ಇನ್ನೊಂದು ಬಂದರೆ ಕೈ ಎತ್ತಿಸುತ್ತಿರಲಿಲ್ಲ. ಒಬ್ಬ ವೋಚರ್ ಓದುವುದು, ಇನ್ನೊಬ್ಬ ಪುಸ್ತಕದಲ್ಲಿ ಗುರುತು ಹಾಕುವುದು, ತಪ್ಪು ಎಲ್ಲಿದೆ ಎಂದು ಸಿಗುವವರೆಗೆ. ಒಂಟಿ ಗುಮಾಸ್ತನೇ ಸರಿಯಾಗಿದ್ದ ಸಂಜೆಗಳು ಎಷ್ಟೋ. ನಮ್ಮ ಹತ್ತಿರ ಒಂದು ಉಪಾಯವಿತ್ತು. ವ್ಯತ್ಯಾಸ 9ರಿಂದ ಭಾಗವಾದರೆ, ಯಾರೋ ಅಂಕಿ ಅದಲುಬದಲು ಮಾಡಿದ್ದಾರೆಂದು ಗುಮಾನಿ. 4,850ನ್ನು 4,580 ಎಂದು ಬರೆದರೆ ವ್ಯತ್ಯಾಸ 270, ಅಂದರೆ 9ರ 30 ಪಾಲು. ಹತ್ತರ ಮನೆಯ ಅಂಕಿ ಒಂದರ ಮನೆಗಿಳಿದರೆ ಪ್ರತಿ ಒಂದಕ್ಕೆ ಒಂಬತ್ತು ಕಳೆಯುತ್ತದೆ, ಒಂದರದು ಹತ್ತಕ್ಕೇರಿದರೆ ಒಂಬತ್ತು ಕೂಡುತ್ತದೆ. ಅದಕ್ಕೇ ಹಾಗೆ.

ಹಳೇ ಚಾಳಿ, ಸುಮ್ಮನಿರಲಾಗಲಿಲ್ಲ. ‘ನೀನು ಹೇಗೆ ಮಾಡಿದೆಯಪ್ಪಾ?’ ಎಂದು ಆ ಹುಡುಗನನ್ನು ಕೇಳಿದೆ. ಅವನು ಮೆಟ್ಟಿಲು ಮೆಟ್ಟಿಲಾಗಿ ಹೇಳತೊಡಗಿದ. ಮೂರನೇ ಮೆಟ್ಟಿಲಿಗೆ ಉಳಿದ ನಾಲ್ವರೂ ಪ್ರಶ್ನೆಪತ್ರಿಕೆಯ ಮೇಲೆ ಬಗ್ಗಿದ್ದರು. ‘ಅರೆ, ನಾನು ಬರೀ ಆಪ್ಷನ್ ಹಾಕಿ ನೋಡಿದ್ದು’ ಎಂದಳು ಒಬ್ಬಳು. ಇನ್ನೊಬ್ಬ ‘ನಂದು ಗೆಸ್ಸು’ ಎಂದ. ಅಷ್ಟರಲ್ಲಿ ಬಸ್ಸು ಬಂತು, ಹುಡುಗ ಹತ್ತಿಬಿಟ್ಟ.

ಮನೆಗೆ ಬಂದ ಮೊಮ್ಮಗಳು ರಾತ್ರಿ ಫೋನಿನಲ್ಲಿ ಗೆಳತಿಯರೊಂದಿಗೆ ಅರವತ್ತೂ ಉತ್ತರ ಹೋಲಿಸಿ ನೋಡಿದಳು. ಹನ್ನೊಂದಕ್ಕೆ ಕೆಂಪು ಗುರುತು ಬಿತ್ತು. ಅಜ್ಜಿ ಕಲಸಿಟ್ಟ ಮೊಸರನ್ನ ಹಾಗೇ ಉಳಿಯಿತು. ‘ನಾಳೆ ಹೋಗಲ್ಲ ತಾತಾ. ಹೋಗಿ ಏನು ಪ್ರಯೋಜನ?’ ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಸಮಾಧಾನ ಹೇಳುವುದು ನನಗೆ ಬಾರದು, ಕೂಡಿ ಕಳೆಯುವುದು ಬರುತ್ತದೆ. ಪಕ್ಕದಲ್ಲಿ ಕೂತು ಹೇಳಿದೆ: ‘ನಿನ್ನ ಗೆಳತಿಯರು ಹೇಳಿದ್ದೇ ಸರಿಯಂದುಕೋ. 60ರಲ್ಲಿ 11 ಹೋಯಿತು, 49 ಉಳಿಯಿತು. ನಾಳಿನ ಎರಡು ವಿಷಯದ 120 ಅಂಕವನ್ನು ಇನ್ನೂ ಯಾರೂ ಮುಟ್ಟಿಲ್ಲ. ರ‍್ಯಾಂಕಿಗೆ ಸಿಇಟಿಯದು ಅರ್ಧ, ಪಿಯುಸಿ ಅಂಕದ್ದು ಅರ್ಧ. ಈ ಹನ್ನೊಂದಕ್ಕಾಗಿ 120ನ್ನು ಬಿಟ್ಟುಕೊಡುತ್ತೀಯಾ?’ ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ತಟ್ಟೆಯ ಸದ್ದಾಯಿತು. ಬೆಳಿಗ್ಗೆ ಅಜ್ಜಿಗಿಂತ ಮೊದಲೇ ಎದ್ದಿದ್ದಳು.

ಆ ವರ್ಷ ಏನಾಯಿತೆಂದು ನಿಮಗೂ ನೆನಪಿರಬಹುದು. ಪಠ್ಯಕ್ರಮದಿಂದ ತೆಗೆದಿದ್ದ ಭಾಗಗಳಿಂದಲೂ ಪ್ರಶ್ನೆಗಳು ಬಂದಿದ್ದವು. ತಜ್ಞರು ಪರಿಶೀಲಿಸಿದ ಮೇಲೆ ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಗಣಿತದಲ್ಲೇ 15. ಮೊಮ್ಮಗಳ ಕೆಂಪು ಗುರುತಿನ ಹನ್ನೊಂದರಲ್ಲಿ ನಾಲ್ಕು ಆ ಪಟ್ಟಿಯಲ್ಲಿದ್ದವು. ಊಟ ಬಿಟ್ಟದ್ದು ಲೆಕ್ಕಕ್ಕೇ ಬಾರದ ಪ್ರಶ್ನೆಗಳಿಗಾಗಿ! ಸರಿಯೆಂದು ಖುಷಿಪಟ್ಟಿದ್ದರಲ್ಲೂ ಕೆಲವು ಹೋದವು. ಅದಕ್ಕೆ ಎರಡು ದಿನ ಗೊಣಗಿದಳು, ಆ ಮಾತು ಬೇರೆ.

ಈಗ ಅವಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಕಳೆದ ರಜೆಯಲ್ಲಿ ಪಕ್ಕದ ಮನೆಯ ಪಿಯುಸಿ ಹುಡುಗನೊಂದಿಗೆ ಲೆಕ್ಕ ಬಿಡಿಸುತ್ತಿದ್ದಳು. ಸೈನ್ ಎಕ್ಸನ್ನು ಕಾಸ್ ಎಕ್ಸಿನಿಂದ ಗುಣಿಸಿ ಇಂಟಿಗ್ರೇಟ್ ಮಾಡಬೇಕಂತೆ. ಇವಳಿಗೆ ಸೈನ್ ವರ್ಗದ ಅರ್ಧ ಬಂತು. ಅವನಿಗೆ ಕಾಸ್ ವರ್ಗದ ಅರ್ಧ, ಅದಕ್ಕೊಂದು ಮೈನಸ್. ‘ನಂದು ತಪ್ಪಾಯ್ತಾ ಅಕ್ಕಾ?’ ಎಂದು ಅವನು ಪೆಚ್ಚಾದ. ಇವಳು ಒಂದರಿಂದ ಇನ್ನೊಂದನ್ನು ಕಳೆದು ತೋರಿಸಿದಳು. ಎಕ್ಸ್ ಏನೇ ಇರಲಿ, ವ್ಯತ್ಯಾಸ ಯಾವಾಗಲೂ ಅರ್ಧವೇ. ಕೊನೆಯಲ್ಲಿ ‘ಪ್ಲಸ್ ಸಿ’ ಎಂದು ಬರೆಯುತ್ತಾರಲ್ಲ, ಆ ಅರ್ಧ ಅದರಲ್ಲಿ ಅಡಗಿಬಿಡುತ್ತದೆ. ಇಬ್ಬರದೂ ಸರಿ.

ನನಗೆ ಕ್ಯಾಲ್ಕುಲಸ್ ಬಾರದು, ಆದರೆ ಇದು ಅರ್ಥವಾಯಿತು. ಎರಡು ಪಾಸ್‌ಬುಕ್ಕಿನಲ್ಲಿ ಅದೇ ಜಮಾ, ಅದೇ ಖರ್ಚು, ಓಪನಿಂಗ್ ಬ್ಯಾಲೆನ್ಸ್ ಮಾತ್ರ ಬೇರೆ. ಹಾಗೆಂದೆ. ‘ತಾತಾ, ನಮ್ಮ ಮೇಷ್ಟ್ರು ಹೀಗೆ ಹೇಳಿಕೊಡಬೇಕಿತ್ತು’ ಎಂದಳು.

ಈ ವಾರದ ಲೆಕ್ಕ: ಎರಡಂಕಿಯ ಒಂದು ಮೊತ್ತವನ್ನು ಗುಮಾಸ್ತ ತಿರುಗಿಸಿ ಬರೆದ. ವ್ಯತ್ಯಾಸ 63 ರೂಪಾಯಿ ಬಂತು. ನಿಜವಾದ ಮೊತ್ತ ಎಷ್ಟಿರಬಹುದು? ತಾತನೂ ಮೊಮ್ಮಗುವೂ ಬೇರೆಬೇರೆ ಕಾಗದದಲ್ಲಿ ಬಿಡಿಸಿ. ಇಬ್ಬರಿಗೂ ಒಂದೇ ಉತ್ತರ ಬರಲಿಕ್ಕಿಲ್ಲ.