ಸಿಂಹದ ಮನೆ ಯಾರ ಹೆಸರಿನಲ್ಲಿದೆ?

ಈ ಸಲದ ಈದ್‌ಗೆ ಹುನಗುಂದದ ಖಾಲಾನ ಮನೆಗೆ ಹೋಗಿದ್ದೆವು. ಹಬ್ಬದ ಮೂರನೆಯ ದಿನ ಮಕ್ಕಳ ಒತ್ತಾಯಕ್ಕೆ ಮಣಿದು ಟೆಂಪೋ ಮಾಡಿಕೊಂಡು ಐಹೊಳೆ ನೋಡಿ, ಅಲ್ಲಿಂದ ಕೂಡಲಸಂಗಮಕ್ಕೆ ಬಂದೆವು. ಕೃಷ್ಣೆ ಮತ್ತು ಮಲಪ್ರಭೆ ಒಂದಾಗುವ ಜಾಗ ಅದು. ಬಸವಣ್ಣನವರ ಐಕ್ಯಸ್ಥಳವೆಂದು ನಾಡಿಗೆಲ್ಲ ಪರಿಚಿತ. ನೀರು ಕಾಣುವಂತೆ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು.

ನನ್ನ ತಮ್ಮನ ಮಗನಿಗೆ ಒಂಬತ್ತು ವರ್ಷ. ಐಹೊಳೆಯಲ್ಲಿ ಕಲ್ಲಿನ ಸಿಂಹವನ್ನು ಕಂಡಾಗಿನಿಂದ ಅವನ ತಲೆಯಲ್ಲಿ ಸಿಂಹವೇ ತುಂಬಿತ್ತು. "ನಾನು ಸಿಂಹ, ಕಾಡಿನ ರಾಜ. ಆಪಾ, ಹೋಗಿ ನೀರು ತಾ" ಎಂದು ಅಕ್ಕನಿಗೆ ಅಪ್ಪಣೆ ಮಾಡುತ್ತಿದ್ದ. ಎಲ್ಲರೂ ನಕ್ಕರು. ನಮ್ಮೊಂದಿಗೆ ಬಂದಿದ್ದ ಹಿರಿಯ ಸಂಬಂಧಿಕರೊಬ್ಬರು ಅವನ ಬೆನ್ನು ತಟ್ಟಿ, "ಖರೇನ ಹೇಳಿದಿ ನೋಡು. ಕಾಡಿಗೊಂದು ಸಿಂಹ, ಮನಿಗೊಬ್ಬ ಗಂಡಸು ಇರಬೇಕು. ಗಂಡಸಿಲ್ಲದ ಮನಿ ಎಷ್ಟು ದಿನ ನಿಂತೀತು?" ಎಂದರು. ಹೇಳಿದ್ದು ಹುಡುಗನಿಗೆ, ನೋಡಿದ್ದು ಖಾಲಾನ ಕಡೆಗೆ.

ಖಾಲಾ ಏನೂ ಹೇಳಲಿಲ್ಲ. ರೊಟ್ಟಿ ಮುರಿಯುತ್ತಿದ್ದ ಅವರ ಕೈ ಮಾತ್ರ ಒಂದು ಕ್ಷಣ ನಿಂತಿತು.

ಆ ಮಾತಿನ ಹಿಂದೆ ಒಂದು ಕಥೆಯಿದೆ. ಖಾಲಾ ಮತ್ತು ಅವರ ನೆಗೆಣ್ಣಿ, ಇಬ್ಬರೂ ಗಂಡನನ್ನು ಕಳೆದುಕೊಂಡವರು. ಒಂದೇ ಸೂರಿನಡಿ, ಒಂದೇ ಒಲೆಯಲ್ಲಿ ಬದುಕುತ್ತಿದ್ದಾರೆ. ಇಲಕಲ್ ಸೀರೆಗೆ ಕಂಡಿಕೆ ಸುತ್ತಿ, ಮಗ್ಗ ನಡೆಸಿ ಒಬ್ಬಳು ಮಗಳನ್ನು ಓದಿಸುತ್ತಿದ್ದಾರೆ. ಮನೆ ಅವರಿಬ್ಬರ ಪಾಲಿಗೆ ಬಂದದ್ದು. ಆದರೆ "ಹೆಂಗಸರಿಬ್ಬರಿಗೆ ಇಷ್ಟು ದೊಡ್ಡ ಮನೆ ಯಾಕೆ? ಮಾರಿ, ಒಬ್ಬೊಬ್ಬರು ಒಬ್ಬೊಬ್ಬ ತಮ್ಮನ ಆಸರೆಯಲ್ಲಿರಿ" ಎಂಬ ಉಪದೇಶ ಮೂರು ವರ್ಷಗಳಿಂದ ನಡೆದೇ ಇದೆ. ಕೇಳಿ ಕೇಳಿ ಖಾಲಾ ಅರ್ಧ ಮನಸ್ಸು ಮಾಡಿದ್ದರು ಕೂಡ.

ಅಂದು ರಾತ್ರಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ನಾನು ಸಿಂಹದ ವಿಷಯ ಹೇಳತೊಡಗಿದೆ. ನಡುಮನೆಯಲ್ಲಿ ಬಟ್ಟೆ ಮಡಚುತ್ತಿದ್ದ ಖಾಲಾ, ಅವರ ನೆಗೆಣ್ಣಿ ಕೂಡ ಕಿವಿಗೊಟ್ಟರು. ಆ ಮಾತುಕತೆಯನ್ನೇ ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲಿಗೆ ಒಂದು ಪ್ರಶ್ನೆ. ಸಿಂಹಕ್ಕೆ ಒಂದು ಸರಹದ್ದು ಇರುತ್ತದೆ ಎಂದು ನಾವೆಲ್ಲ ಕೇಳಿದ್ದೇವೆ. ಆ ಸರಹದ್ದು ಯಾರದ್ದು? ಜೂಲು ಬಿಟ್ಟುಕೊಂಡು ಬಂಡೆಯ ಮೇಲೆ ಕುಳಿತ ಆ ಗಂಡಿನದ್ದೇ?

ಅಲ್ಲ. ಅಲ್ಲಿನ ಖಾಯಂ ನಿವಾಸಿಗಳು ಹೆಣ್ಣುಗಳು. ಆಫ್ರಿಕಾದ ತಾಂಜಾನಿಯಾ ದೇಶದಲ್ಲಿ ಸೆರೆಂಗೆಟಿ ಎಂಬ ವಿಶಾಲ ಹುಲ್ಲುಗಾವಲಿದೆ. ಅಲ್ಲಿ 1966ರಲ್ಲಿ ಜಾರ್ಜ್ ಶಾಲರ್ ಎಂಬ ವಿಜ್ಞಾನಿ ಸಿಂಹಗಳ ಅಧ್ಯಯನ ಆರಂಭಿಸಿದರು. 1978ರಿಂದ ಕ್ರೇಗ್ ಪ್ಯಾಕರ್ ಮತ್ತು ಆ್ಯನ್ ಪ್ಯೂಸಿ ಅದನ್ನು ಮುಂದುವರಿಸಿದರು. ಒಂದೊಂದು ಸಿಂಹವನ್ನೂ ಮೀಸೆಯ ಬುಡದ ಚುಕ್ಕೆಗಳಿಂದ ಗುರುತಿಸಿ, ತಲೆಮಾರುಗಳ ಲೆಕ್ಕ ಇಟ್ಟರು. ಆ ಲೆಕ್ಕ ಹೇಳುವುದಿಷ್ಟು: ಸಿಂಹದ ಹಿಂಡೆಂದರೆ ಅಜ್ಜಿ, ತಾಯಿ, ಚಿಕ್ಕಮ್ಮ, ಅಕ್ಕತಂಗಿ, ಮಗಳು. ನೆಲೆ ತಾಯಿಯಿಂದ ಮಗಳಿಗೆ ದಾಟುತ್ತದೆ. ಹೆಚ್ಚಿನ ಹೆಣ್ಣುಗಳು ಹುಟ್ಟಿದ ನೆಲದಲ್ಲೇ ಬಾಳಿ ಸಾಯುತ್ತವೆ.

ಗಂಡುಮರಿಗಳ ಪಾಡು ಬೇರೆ. ಎರಡು ಮೂರು ವರ್ಷವಾಗುತ್ತಲೇ ಅವು ಹಿಂಡು ಬಿಡಬೇಕು. ಅಣ್ಣತಮ್ಮಂದಿರು, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಒಟ್ಟಾಗಿ ಅಲೆಮಾರಿಗಳಾಗಿ ತಿರುಗುತ್ತವೆ. ಜೊತೆಗೆ ಯಾರೂ ಇಲ್ಲದ ಒಂಟಿ ಗಂಡು ದಾರಿಯಲ್ಲಿ ಸಿಕ್ಕ ಪರಕೀಯನನ್ನೇ ಗೆಳೆಯನನ್ನಾಗಿ ಮಾಡಿಕೊಳ್ಳುವುದೂ ಉಂಟು. ಏಕೆಂದರೆ ಒಂಟಿ ಸಿಂಹಕ್ಕೆ ಹಿಂಡು ದಕ್ಕುವುದು ಅಪರೂಪ. ಇಬ್ಬರು, ಮೂವರು, ಕೆಲವೊಮ್ಮೆ ಆರೇಳು ಗಂಡುಗಳ ಕೂಟ ಕಟ್ಟಿಕೊಂಡು ಯಾವುದಾದರೂ ಹಿಂಡಿನ ಮೇಲೆ ಏರಿಹೋಗಿ, ಅಲ್ಲಿದ್ದ ಗಂಡುಗಳನ್ನು ಓಡಿಸುತ್ತವೆ. ಕೂಟ ದೊಡ್ಡದಿದ್ದಷ್ಟೂ ಗೆಲುವು ಸುಲಭ, ಬಾಳಿಕೆಯೂ ಹೆಚ್ಚು. ಹಾಗಿದ್ದೂ ಈ 'ರಾಜ್ಯಭಾರ' ಸರಾಸರಿ ಎರಡು ಮೂರು ವರ್ಷ ಮಾತ್ರ. ಆಮೇಲೆ ಇನ್ನೊಂದು ಕೂಟ ಬರುತ್ತದೆ, ಹಳೆಯ ರಾಜರು ಗಾಯಗೊಂಡು ಹೊರಬೀಳುತ್ತಾರೆ.

ಇಷ್ಟು ಕೇಳಿ ನಮ್ಮ ಹುಡುಗ ಮುಖ ಸಣ್ಣ ಮಾಡಿದ. "ಹಾಗಾದ್ರೆ ಸಿಂಹ ಬಾಡಿಗೆದಾರನಾ ಫೂಫು?" ಎಂದ. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಹಾಗೆಂದು ಗಂಡಿಗೆ ಕೆಲಸವಿಲ್ಲ ಎಂದಲ್ಲ. ಇಲ್ಲಿ ಒಂದು ಕಹಿಸತ್ಯ ಹೇಳಲೇಬೇಕು. ಹೊಸದಾಗಿ ಹಿಂಡು ಗೆದ್ದ ಗಂಡುಗಳು ಅಲ್ಲಿರುವ ಎಳೆಯ ಮರಿಗಳನ್ನು ಸಾಮಾನ್ಯವಾಗಿ ಕೊಂದುಬಿಡುತ್ತವೆ. ಮರಿ ಸಾಕುವ ಸಿಂಹಿಣಿ ಸುಮಾರು ಎರಡು ವರ್ಷ ಮತ್ತೆ ಗಬ್ಬ ಧರಿಸುವುದಿಲ್ಲ. ಗಂಡಿಗೆ ಸಿಕ್ಕಿರುವ ಕಾಲವೇ ಅಷ್ಟು. ಮರಿ ಸತ್ತರೆ ತಾಯಿ ಬೇಗನೆ ಬೆದೆಗೆ ಬರುತ್ತಾಳೆ. 1975ರಲ್ಲಿ ಬ್ರಯಾನ್ ಬರ್ಟ್ರಮ್ ಈ ಕಾರಣವನ್ನು ವಿವರಿಸಿದರು. ಆದ್ದರಿಂದ ತಂದೆ ಸಿಂಹಗಳು ಸರಹದ್ದಿನಲ್ಲಿ ಗರ್ಜಿಸುತ್ತ, ಮೂತ್ರ ಸಿಂಪಡಿಸಿ ಗುರುತು ಹಾಕುತ್ತ ತಿರುಗುವುದು ಬರಿಯ ಠೀವಿಗಲ್ಲ. ಅವು ಕಾವಲಿರುವವರೆಗೆ ಮರಿಗಳಿಗೆ ಉಳಿವು. ಒಬ್ಬ ಒಳ್ಳೆಯ ಕಾವಲುಗಾರನ ಬೆಲೆ ಸಣ್ಣದಲ್ಲ.

ಆದರೆ ತಾಯಂದಿರು ಕೈಕಟ್ಟಿ ಕೂರುವುದಿಲ್ಲ. ಒಂದೇ ಹಿಂಡಿನ ಸಿಂಹಿಣಿಯರು ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಮರಿ ಹಾಕಿದಾಗ, ಮರಿಗಳನ್ನೆಲ್ಲ ಒಂದೆಡೆ ಸೇರಿಸಿ ಒಟ್ಟಾಗಿ ಸಾಕುತ್ತಾರೆ. ಒಬ್ಬಳ ಮರಿ ಇನ್ನೊಬ್ಬಳ ಹಾಲು ಕುಡಿಯುತ್ತದೆ. ಇದು ಹಾಲಿಗಿಂತ ಹೆಚ್ಚಾಗಿ ರಕ್ಷಣೆಯ ಏರ್ಪಾಡು ಎಂಬುದು ಪ್ಯಾಕರ್ ಮತ್ತು ಪ್ಯೂಸಿಯವರ ತೀರ್ಮಾನ. ಒಬ್ಬ ತಾಯಿಗೆ ಹೊರಗಿನ ಗಂಡನ್ನು ತಡೆಯಲಾಗದು. ಮೂವರು ಒಟ್ಟಾಗಿ ನಿಂತರೆ ಅವನು ಹಿಂದೆಗೆಯುವ ಸಂಭವ ಉಂಟು.

ಸಿಂಹಿಣಿಯರಿಗೆ ಲೆಕ್ಕವೂ ಗೊತ್ತು! ಕ್ಯಾರೆನ್ ಮೆಕ್‌ಕಾಂಬ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಧ್ವನಿವರ್ಧಕದಲ್ಲಿ ಅಪರಿಚಿತ ಸಿಂಹಿಣಿಯರ ಗರ್ಜನೆ ಕೇಳಿಸಿದರು. ಒಮ್ಮೆ ಒಂದು ದನಿ, ಒಮ್ಮೆ ಮೂರು ದನಿ. 1994ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಿಂಡಿನ ಹೆಣ್ಣುಗಳು 'ಅವರೆಷ್ಟು, ನಾವೆಷ್ಟು' ಎಂದು ತೂಗಿ ನೋಡಿಯೇ ಮುಂದಡಿಯಿಡುತ್ತವೆ. ತಾವು ಕಡಿಮೆಯಿದ್ದರೆ ದೂರದಲ್ಲಿರುವ ಒಡನಾಡಿಗಳನ್ನು ಗರ್ಜಿಸಿ ಕರೆಯುತ್ತವೆ. ಮರುವರ್ಷ ಹೈನ್‌ಸನ್ ಮತ್ತು ಪ್ಯಾಕರ್ ಇನ್ನೊಂದು ಸಂಗತಿ ಬರೆದರು. ಕೆಲವು ಸಿಂಹಿಣಿಯರು ಯಾವಾಗಲೂ ಮುಂದೆ ಹೋಗುತ್ತಾರೆ. ಕೆಲವರು ಯಾವಾಗಲೂ ಹಿಂದೆಯೇ ಉಳಿಯುತ್ತಾರೆ. ಇನ್ನು ಕೆಲವರು ಸಾಮಾನ್ಯ ದಿನಗಳಲ್ಲಿ ಹಿಂದುಳಿದರೂ, ಸಂಕಟದ ವೇಳೆಗೆ ಸರಿಯಾಗಿ ಪಕ್ಕದಲ್ಲಿ ಬಂದು ನಿಲ್ಲುತ್ತಾರೆ. ಮುಂದೆ ಹೋದವಳು ತಿರುಗಿ ತಿರುಗಿ ನೋಡುತ್ತಾಳೆ. ಯಾರು ಬರುತ್ತಿಲ್ಲ ಎಂಬುದು ಆಕೆಗೆ ಗೊತ್ತು. ಆದರೂ ಶಿಕ್ಷೆಯಿಲ್ಲ, ಹಿಂಡಿನಿಂದ ಹೊರಹಾಕುವುದಿಲ್ಲ.

"ನಮ್ಮ ಮನೀದ ಸುದ್ದಿನ ಬರದಾರ ಅವರು" ಎಂದು ಖಾಲಾ ನೆಗೆಣ್ಣಿಯ ಕಡೆ ಓರೆನೋಟ ಬೀರಿದರು. ಮುಂಜಾನೆ ಮಗ್ಗಕ್ಕೆ ಯಾವಾಗಲೂ ತಡವಾಗಿ ಬರುವವರು ಅವರೇ. "ಹೌದವ್ವಾ, ನಿನಗ ಜ್ವರ ಬಂದಾಗ ಹದಿನೈದು ದಿನ ಮಗ್ಗಕ್ಕ ಕುಂತವರು ಯಾರು?" ಎಂದು ಅವರು ತಿರುಗಿ ಕೇಳಿದರು. ಇಬ್ಬರೂ ನಕ್ಕರು.

ಈಗ ಸಂಗಮದ ಮಾತು. ಸೆರೆಂಗೆಟಿಯ ಈ ಹಿಂಡುಗಳು ಯಾವ ನೆಲಕ್ಕಾಗಿ ಇಷ್ಟು ಕಾದಾಡುತ್ತವೆ? ಜಿಂಕೆ ಹೆಚ್ಚಿರುವ ಬಯಲಿಗಾಗಿಯೇ? ಆ್ಯನಾ ಮೋಸರ್ ಮತ್ತು ಪ್ಯಾಕರ್ ಮೊದಲಾದವರು 40 ವರ್ಷಗಳ ದಾಖಲೆಯನ್ನು ಹರಡಿಕೊಂಡು ಲೆಕ್ಕ ಹಾಕಿ 2009ರಲ್ಲಿ ಉತ್ತರ ಪ್ರಕಟಿಸಿದರು. ಯಾವ ಸಿಂಹಿಣಿಯ ನೆಲೆ ಎರಡು ಹೊಳೆಗಳು ಕೂಡುವ ಜಾಗಕ್ಕೆ ಹತ್ತಿರವಿದೆಯೋ ಆಕೆಯ ಮರಿಗಳು ಹೆಚ್ಚು ಬದುಕಿ ದೊಡ್ಡವಾಗಿವೆ! ಕಾರಣ ಸರಳ. ಸಂಗಮದಲ್ಲಿ ಬೇಸಿಗೆಯಲ್ಲೂ ಗುಂಡಿಗಳಲ್ಲಿ ನೀರು ಉಳಿಯುತ್ತದೆ. ಮರಿ ಅಡಗಿಸಲು, ಹೊಂಚು ಹಾಕಲು ಗಿಡಗಂಟಿಗಳ ಮರೆಯಿರುತ್ತದೆ. ನೀರಿಗೆ ಬರುವ ಪ್ರಾಣಿಗಳು ಎರಡು ಹಳ್ಳಗಳ ನಡುವಿನ ಮೂಲೆಗೆ ತಾವಾಗಿ ಬಂದು ಸಿಕ್ಕಿಕೊಳ್ಳುತ್ತವೆ. ಹೊಳೆ ಕೂಡುವಲ್ಲಿ ನೆಲೆ ನಿಲ್ಲಬೇಕೆಂಬ ಬುದ್ಧಿ ಮನುಷ್ಯನೊಬ್ಬನದೇ ಅಲ್ಲ ಎಂದಾಯಿತು. ಹೆಣ್ಣುಗಳ ಸಂಖ್ಯೆ ಹೆಚ್ಚಿರುವ ಹಿಂಡುಗಳೇ ಇಂಥ ಉತ್ತಮ ನೆಲವನ್ನು ಗೆದ್ದು ಉಳಿಸಿಕೊಳ್ಳುತ್ತವೆ ಎಂಬುದನ್ನೂ ಅವರು ತೋರಿಸಿದರು.

ನಮ್ಮ ದೇಶದ ಸಿಂಹಗಳ ಕಥೆ ಸ್ವಲ್ಪ ಬೇರೆ. ಏಷ್ಯಾದ ಕಾಡುಸಿಂಹ ಇಂದು ಉಳಿದಿರುವುದು ಗುಜರಾತಿನ ಗಿರ್ ಮತ್ತು ಅದರ ಸುತ್ತಮುತ್ತಲಿನ ಜಿಲ್ಲೆಗಳಲ್ಲಿ ಮಾತ್ರ. ಬೇಟೆಯಿಂದ ಅದು ಅಳಿದೇ ಹೋಗುವ ಹಂತ ತಲುಪಿದ್ದಾಗ ಜುನಾಗಢದ ನವಾಬ ರಸೂಲ್ ಖಾನ್‌ಜಿ, ಅವರ ನಂತರ ಮೂರನೆಯ ಮಹಬತ್ ಖಾನ್‌ಜಿ ಅದಕ್ಕೆ ರಕ್ಷಣೆ ಕೊಟ್ಟರು. 1965ರಲ್ಲಿ ಗಿರ್ ಅಭಯಾರಣ್ಯವಾಯಿತು. 2025ರ ಗಣತಿಯಲ್ಲಿ ಸಿಂಹಗಳ ಸಂಖ್ಯೆ 891.

ಗಿರ್‌ನಲ್ಲಿ ಗಂಡುಗಳ ಕೂಟ ಬೇರೆ, ಹೆಣ್ಣುಗಳ ಹಿಂಡು ಬೇರೆ. ಬೆದೆಯ ಕಾಲದಲ್ಲಿ, ದೊಡ್ಡ ಬೇಟೆ ಬಿದ್ದಾಗ ಮಾತ್ರ ಒಟ್ಟಾಗುವುದು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ಸ್ತೋತ್ರ ಚಕ್ರವರ್ತಿ ಮತ್ತು ಯಾದವೇಂದ್ರದೇವ್ ಝಾಲಾ ಅವುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಜೊತೆಯಾಗಿ ಕಾದಾಡುವ ಗಂಡುಗಳ ನಡುವೆ ಪಾಲು ಸಮನಲ್ಲ, ಊಟದಲ್ಲೂ ಸಂಸಾರದಲ್ಲೂ ದೊಡ್ಡಪಾಲು ಒಬ್ಬನದೇ ಎಂದು 2017ರಲ್ಲಿ ತಿಳಿಸಿದರು. ಹಾಗಿದ್ದೂ ಚಿಕ್ಕವನು ಬಿಟ್ಟು ಹೋಗುವುದಿಲ್ಲ, ಒಂಟಿಯಾದರೆ ಅಷ್ಟೂ ಸಿಗದು. 2019ರಲ್ಲಿ ಮತ್ತೊಂದು ಸಂಗತಿ ಹೊರಬಂತು. ಗಿರ್‌ನ ಸಿಂಹಿಣಿ ನೆರೆಹೊರೆಯ ಬೇರೆ ಬೇರೆ ಗಂಡುಕೂಟಗಳೊಂದಿಗೂ ಕೂಡುತ್ತಾಳೆ. ಮರಿ ತನ್ನದೋ ಅಲ್ಲವೋ ಎಂದು ತಿಳಿಯದೆ ಯಾವ ಕೂಟವೂ ಅದನ್ನು ಮುಟ್ಟುವುದಿಲ್ಲ. ಮರಿಗಳನ್ನು ಉಳಿಸಿಕೊಳ್ಳಲು ಆ ಮೂಕ ತಾಯಿ ಕಂಡುಕೊಂಡ ದಾರಿ ಅದು.

ಸಿಂಹ ನಮ್ಮ ಕರ್ನಾಟಕದ ಕಾಡಿನಲ್ಲಿಲ್ಲ, ನಿಜ. ಆದರೆ ಗಂಡುಗಳ ಗುಂಪು ಏರಿಬಂದು ಮರಿಗಳನ್ನು ಕೊಲ್ಲುವ ಈ ವಿಷಯ ಜಗತ್ತಿಗೆ ಮೊದಲು ಗೊತ್ತಾದದ್ದು ಎಲ್ಲಿಂದ ಬಲ್ಲಿರಾ? ನಮ್ಮ ಧಾರವಾಡದಿಂದ! ಜಪಾನಿನ ಯುಕಿಮಾರು ಸುಗಿಯಾಮಾ 1961ರಿಂದ 63ರವರೆಗೆ ಧಾರವಾಡದ ಸುತ್ತಲಿನ ಕಾಡಿನಲ್ಲಿ ಕರಿಮುಖದ ಮುಸುವಗಳನ್ನು ಅಭ್ಯಸಿಸಿದರು. ಹೊರಗಿನ ಗಂಡುಗಳ ಗುಂಪೊಂದು ಹಿಂಡಿನ ಯಜಮಾನನನ್ನು ಓಡಿಸಿದ್ದು, ಗೆದ್ದವನು ಹಿಂಡಿನ ಹಸುಗೂಸುಗಳನ್ನು ಕಚ್ಚಿ ಕೊಂದದ್ದು ಅವರ ಕಣ್ಣಿಗೆ ಬಿತ್ತು. ಆ ವರದಿಯನ್ನು ನಂಬಲು ಅನೇಕರು ಹಿಂಜರಿದರು. ರೋಗವಿರಬೇಕು, ಗದ್ದಲದ ಫಲವಿರಬೇಕು ಎಂದರು. 1970ರ ದಶಕದಲ್ಲಿ ಸಾರಾ ಹರ್ಡಿ ಎಂಬ ಮಹಿಳೆ ರಾಜಸ್ಥಾನದ ಅಬು ಬೆಟ್ಟದಲ್ಲಿ ಮುಸುವಗಳನ್ನು ನೋಡಿ, ಗಂಡಿನ ಲಾಭದ ಲೆಕ್ಕದ ಜೊತೆಗೆ ತಾಯಂದಿರ, ಅಜ್ಜಿಯಂದಿರ ಹೋರಾಟವನ್ನೂ ಬರೆದರು. ಮುದಿ ಹೆಣ್ಣುಕೋತಿಗಳು ತಮ್ಮ ಪ್ರಾಣದ ಹಂಗು ತೊರೆದು ಕೂಸುಗಳಿಗೆ ಅಡ್ಡ ನಿಂತದ್ದನ್ನು ಆಕೆ ಕಂಡಿದ್ದರು.

ಓದುಗ ಸಹೋದರಿಯರೇ, ಇದನ್ನೆಲ್ಲ ಹೇಳಿದ್ದು ಸಿಂಹದಿಂದ ನಾವು ಸಂಸಾರ ಕಲಿಯಬೇಕೆಂದಲ್ಲ. ಮರಿ ಕೊಲ್ಲುವ, ಹರೆಯದ ಮಗನನ್ನು ಹೊರಗಟ್ಟುವ ಪ್ರಾಣಿ ಮನುಷ್ಯನಿಗೆ ಮಾದರಿಯಾಗಲಾರದು. ಅವುಗಳಿಗೆ ವಿವೇಕದ ಹೊಣೆಯಿಲ್ಲ, ನಮಗಿದೆ. ನನ್ನ ತಕರಾರು ಬೇರೆಯೇ. ಪ್ರಕೃತಿಯ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸುವವರು ಪ್ರಕೃತಿಯನ್ನು ಪೂರ್ತಿ ನೋಡಿರುವುದಿಲ್ಲ. ಜೂಲು ನೋಡಿದ್ದಾರೆ, ಹಿಂಡು ನೋಡಿಲ್ಲ. 'ಗಂಡಸು ಸಿಂಹದಂತಿರಬೇಕು' ಎನ್ನುವವರು ಎರಡು ವರ್ಷದ ಅಧಿಕಾರ, ಆಮೇಲಿನ ಬೀದಿಪಾಲು ಎಂಬ ಕರಾರಿಗೂ ಸಹಿ ಹಾಕುವರೇ? ಒಳ್ಳೆಯ ಗಂಡಸಿನ ಆಸರೆ ದೊಡ್ಡ ಭಾಗ್ಯ. ಅದಿಲ್ಲದಾಗ ಮನೆಯೇ ಬೀಳುತ್ತದೆ ಎಂಬುದು ಮಾತ್ರ ಸುಳ್ಳು.

ಮರುದಿನ ಬೆಳಿಗ್ಗೆ ನಾವು ಹೊರಡುವಾಗ ಆ ಹಿರಿಯರು ಮತ್ತೆ ಮನೆಯ ಮಾತೆತ್ತಿದರು. ಕೊಳ್ಳುವವರೊಬ್ಬರು ಸಿಕ್ಕಿದ್ದಾರಂತೆ, ಬೆಲೆಯೂ ಒಳ್ಳೆಯದಂತೆ. ಖಾಲಾ ಸೆರಗು ತಲೆಯ ಮೇಲೆ ಎಳೆದುಕೊಂಡು ನಿಧಾನವಾಗಿ ಹೇಳಿದರು: "ಭಾಯೀಜಾನ್, ನಿಮ್ಮ ಕಾಳಜಿ ನಮಗ ಗೊತ್ತೈತಿ. ಆದರ ಮನಿ ಮಾರೂದಿಲ್ಲ. ನಾವು ಇಬ್ಬರಿದ್ದೀವಿ, ಮಗಳೊಬ್ಬಳು ಬೆಳೀಲಿಕ್ಕತ್ತಾಳ. ಈ ಮನಿ ಆಕಿಗಿರಲಿ."

ಮೂರು ವರ್ಷದಲ್ಲಿ ಅವರು ಹೀಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಒಳಗಿನಿಂದ ಅವರ ನೆಗೆಣ್ಣಿ ಬಂದು ಪಕ್ಕದಲ್ಲಿ ನಿಂತರು. ಈ ಸಲ ತಡಮಾಡಲಿಲ್ಲ. ಹಿರಿಯರು ಇಬ್ಬರ ಮುಖವನ್ನೂ ನೋಡಿ, ಗಡ್ಡ ಸವರಿಕೊಂಡು, "ನಿಮ್ಮ ಮರ್ಜಿ" ಎಂದು ಚಹಾದ ಲೋಟ ಕೈಗೆತ್ತಿಕೊಂಡರು.

ನಮ್ಮ ಹುಡುಗ ಅಷ್ಟು ಹೊತ್ತಿಗೆ ದಾರಿಗೆಂದು ನೀರಿನ ಬಾಟಲಿಗಳನ್ನು ತುಂಬಿಸಿ ತರುತ್ತಿದ್ದ. ಒಂದನ್ನು ಅಕ್ಕನ ಕೈಗೆ ಕೊಟ್ಟ. "ರಾಜರು ಯಾಕೋ ನೀರು ಹೊರ್ತಿದಾರೆ?" ಎಂದು ಅವಳು ಕೆಣಕಿದಳು. "ನಾನು ರಾಜ ಅಲ್ಲ, ಕಾವಲುಗಾರ" ಎಂದ.